ಸಹಾಯ ಬೇಕು: ದೊಡ್ಡ ತಾತ ಓದಿದ ಶಾಲೆಯ ಹಳೆ ರಿಜಿಸ್ಟರ್

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡ ತಾತನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. 1950ರ ಆಸುಪಾಸಿನಲ್ಲಿ ಮೈಸೂರಿನ ತಿಲಕ್‌ನಗರದ ಸರ್ಕಾರಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದರು ಅಂತ ಅಜ್ಜಿ ಹೇಳುತ್ತಾರೆ. 1901ರಲ್ಲಿ ಶುರುವಾದ ಶಾಲೆ ಅದು. ತಾತ ಈಗಿಲ್ಲ. ಉಳಿದಿರುವುದು ಒಂದೇ ಒಂದು ಗ್ರೂಪ್ ಫೋಟೋ. ಅದರಲ್ಲಿ ಅವರೊಬ್ಬರ ಕೈ ಮಾತ್ರ ಸನ್ನೆ ಮಾಡುತ್ತಾ ಅರ್ಧ ಮೇಲೆದ್ದಿದೆ. ಎಷ್ಟು ಸಲ ನೋಡಿದರೂ ಸಾಲದು.

ಅಡ್ಮಿಷನ್ ರಿಜಿಸ್ಟರ್‌ನಲ್ಲಿ ಅವರ ಹೆಸರು, ಸೇರಿದ ತಾರೀಖು, ಸೇರಿಸಿದವರ ಸಹಿ ಸಿಕ್ಕರೆ ಸಾಕು. ಅಷ್ಟು ಹಳೆಯದು ಶಾಲೆಯಲ್ಲೇ ಇರುತ್ತದಾ, ಮೈಸೂರಿನ ಪತ್ರಾಗಾರ ಕಚೇರಿಗೆ ಹೋಗಿರುತ್ತದಾ? 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಆದರೆ ಮೊದಲು ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳುವುದೇ ಒಳ್ಳೆಯದು, ಅಲ್ವಾ? ಅಲ್ಲಿ ಓದಿದವರು, ಪಾಠ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಅಜ್ಜಿ ದಿನಾ ಕೇಳುತ್ತಿದ್ದಾರೆ.