ಮನೆಯ ಹಳೆಯ ಪತ್ರದಲ್ಲಿ ‘ಬಿಳಿಯರಿಗೆ ಮಾತ್ರ’ ಎಂದಿದೆ, ಏನು ಮಾಡಬೇಕು?

ಪ್ರಶ್ನೆ: ನಾವು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮನೆ ಕೊಳ್ಳುತ್ತಿದ್ದೇವೆ. ದಾಖಲೆಗಳ ಜೊತೆ 1920ರ ದಶಕದ ಒಂದು ಕ್ರಯಪತ್ರ ಬಂದಿದೆ. ಬಿಳಿಯರಲ್ಲದವರಿಗೆ ಈ ನಿವೇಶನವನ್ನು ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಷರತ್ತು ಅದರಲ್ಲಿದೆ. ನಮ್ಮ ಯಜಮಾನರಿಗೆ ಈ ಮನೆಯೇ ಬೇಡವೆನಿಸಿದೆ. ಷರತ್ತಿಗೆ ಈಗಲೂ ಬಲವಿದೆಯೇ? ಅದನ್ನು ತೆಗೆಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮಿನಿಯಾಪೊಲಿಸ್‌ನಿಂದ: ಮನೆ ಬಿಡಬೇಡಿ. ನಮ್ಮ ಪತ್ರದಲ್ಲೂ ಇಂಥದೇ ಸಾಲು ಇತ್ತು. ಅದಕ್ಕೆ ಈಗ ಯಾವ ಬಲವೂ ಇಲ್ಲ. ಮಿನ್ನೆಸೋಟ ರಾಜ್ಯವು ಹೊಸದಾಗಿ ಇಂಥ ಷರತ್ತು ಬರೆಯುವುದನ್ನು 1953ರಲ್ಲೇ ನಿಷೇಧಿಸಿತು. 2019ರ ಕಾನೂನಿನ ಪ್ರಕಾರ, ಹಳೆಯ ಷರತ್ತನ್ನು ತಾನು ತಿರಸ್ಕರಿಸಿದ್ದೇನೆ ಎಂಬ ಪತ್ರವನ್ನು ಮಾಲೀಕರು ಕೌಂಟಿಯ (ಇಲ್ಲಿನ ಜಿಲ್ಲಾಡಳಿತದ) ದಾಖಲೆಗೆ ಸೇರಿಸಬಹುದು. ‘ಜಸ್ಟ್ ಡೀಡ್ಸ್’ ಎಂಬ ಒಕ್ಕೂಟದ ಸ್ವಯಂಸೇವಕರು ಇದಕ್ಕೆ ಉಚಿತವಾಗಿ ನೆರವಾಗುತ್ತಾರೆ. ಮನೆ ನಿಮ್ಮ ಹೆಸರಿಗೆ ಆದ ಮೇಲೆ ಅವರನ್ನು ಸಂಪರ್ಕಿಸಿ.

ಹಳೆಯ ಪುಟವನ್ನು ಯಾರೂ ಕಿತ್ತುಹಾಕುವುದಿಲ್ಲ, ಅದರ ಜೊತೆಗೆ ನಿಮ್ಮ ಪತ್ರ ಸೇರುತ್ತದೆ. ಹಾಗೆಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಪುಟ ಮಾಯವಾದರೆ, ಇಂಥದ್ದು ನಡೆದೇ ಇರಲಿಲ್ಲ ಎನ್ನುವವರಿಗೆ ಅನುಕೂಲವಾಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಪ್ರೆಜುಡಿಸ್’ ತಂಡ ಈ ಪತ್ರಗಳನ್ನೆಲ್ಲ ಹುಡುಕಿ ನಕ್ಷೆ ಮಾಡಿದೆ. ಅದರಲ್ಲಿ ನಿಮ್ಮ ಬೀದಿಯನ್ನು ನೋಡಿ. ಈ ಊರಿನಲ್ಲಿ ಅವರಿಗೆ ಸಿಕ್ಕ ಮೊದಲ ಪತ್ರ 1910ರದು. ಚೀನೀಯರು, ಜಪಾನೀಯರು, ತುರ್ಕರು, ಆಫ್ರಿಕನ್ ಮೂಲದವರು ಎಂದು ಜನಾಂಗಗಳನ್ನು ಅದರಲ್ಲಿ ಒಂದೊಂದಾಗಿ ಹೆಸರಿಸಿ ಹೊರಗಿಟ್ಟಿದ್ದಾರೆ. ಓದುವಾಗ ಮೈ ಉರಿಯುತ್ತದೆ.

ಸೇಂಟ್ ಲೂಯಿಸ್‌ನಿಂದ: ತಂಗಿ, ಆ ಷರತ್ತಿನ ಬಲ ಮುರಿದದ್ದು ನಮ್ಮ ಊರಿನ ಮೊಕದ್ದಮೆಯಲ್ಲಿ. ಶೆಲ್ಲಿ ಎಂಬ ಕಪ್ಪು ಕುಟುಂಬ 1945ರಲ್ಲಿ ಇಲ್ಲಿ ಮನೆ ಕೊಂಡಿತು. ಇಂಥದೇ ಷರತ್ತು ಹಿಡಿದು ಅವರನ್ನು ಹೊರಹಾಕಲು ಬಿಳಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಜನ ತಮ್ಮತಮ್ಮಲ್ಲಿ ಏನೇ ಬರೆದುಕೊಳ್ಳಲಿ, ಅದನ್ನು ಜಾರಿ ಮಾಡಲು ನ್ಯಾಯಾಲಯ ಕೈಹಾಕಿದರೆ ಅದು ಸರ್ಕಾರವೇ ಮಾಡಿದ ಭೇದವಾಗುತ್ತದೆ, ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ ಸಂವಿಧಾನದ 14ನೇ ತಿದ್ದುಪಡಿಗೆ ವಿರುದ್ಧ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಸರ್ಕಾರದ ಕೈ ಅದಕ್ಕೂ ಮೊದಲೇ ಕೊಳೆಯಾಗಿತ್ತು. 1930ರ ದಶಕದಲ್ಲಿ ಗೃಹಸಾಲಕ್ಕೆ ವಿಮೆ ಕೊಡುತ್ತಿದ್ದ ಫೆಡರಲ್ ಸಂಸ್ಥೆಯೇ ತನ್ನ ಕೈಪಿಡಿಯಲ್ಲಿ ಇಂಥ ಷರತ್ತುಗಳನ್ನು ಶಿಫಾರಸು ಮಾಡಿತ್ತು. ಸಾಲ ಸಿಕ್ಕ ಬಿಳಿಯ ಕುಟುಂಬಗಳು ಆಸ್ತಿ ಕಟ್ಟಿಕೊಂಡವು, ಕಪ್ಪು ಕುಟುಂಬಗಳು ಬಾಡಿಗೆಯಲ್ಲೇ ಉಳಿದವು. 1948ರ ತೀರ್ಪಿನ ನಂತರವೂ ಮನೆಯೊಡೆಯ ಮುಖ ನೋಡಿ ಬಾಗಿಲು ಹಾಕಬಹುದಿತ್ತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಇಂಥ ಭೇದ ಮಾಡುವುದನ್ನು ನಿಷೇಧಿಸುವ ನ್ಯಾಯಯುತ ವಸತಿ ಕಾಯ್ದೆಗೆ ಸಹಿ ಬಿತ್ತು. ಜನರ ಮನಸ್ಸು ತಾನಾಗಿ ಬದಲಾಗಲಿ, ಸರ್ಕಾರ ದೂರವಿರಲಿ ಎಂದು ನಮ್ಮವರೇ ಕೆಲವರು ಹೇಳುವಾಗ ನನಗೆ ಒಪ್ಪಲಾಗುವುದಿಲ್ಲ. ಗೋಡೆ ಕಟ್ಟಲು ನೆರವಾದ ಸರ್ಕಾರಕ್ಕೆ ಅದನ್ನು ಒಡೆಯುವ ಹೊಣೆಯೂ ಇದೆ.

ನ್ಯೂಜೆರ್ಸಿಯಿಂದ: ಪತ್ರದ ಷರತ್ತು ಸತ್ತಿದೆ, ಭೇದ ಸತ್ತಿಲ್ಲ. ಬಾಡಿಗೆ ಮನೆ ಕೇಳಲು ಫೋನ್ ಮಾಡಿದಾಗ ನನ್ನ ಹೆಸರು ಕೇಳಿ ‘ಖಾಲಿ ಇಲ್ಲ’ ಎಂದರು. ಅದೇ ದಿನ ಬಿಳಿಯ ಸಹೋದ್ಯೋಗಿ ವಿಚಾರಿಸಿದಾಗ ‘ಬಂದು ನೋಡಿ’ ಎಂದರು. ಫೆಡರಲ್ ವಸತಿ ಇಲಾಖೆಗೆ ದೂರು ಕೊಟ್ಟೆ. ಕೊನೆಗೆ ರಾಜಿಯಲ್ಲಿ ಪರಿಹಾರ ಸಿಕ್ಕಿತು. ಘಟನೆ ನಡೆದ ಒಂದು ವರ್ಷದೊಳಗೆ ಇಲಾಖೆಗೆ ದೂರು ಕೊಡಬೇಕು, ನೇರವಾಗಿ ನ್ಯಾಯಾಲಯಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವು. 1968ರ ಕಾಯ್ದೆಯಡಿ ಇಲಾಖೆ ಸಂಧಾನ ಮಾತ್ರ ಮಾಡಬಹುದಿತ್ತು, 1988ರ ತಿದ್ದುಪಡಿಯಿಂದ ಅದಕ್ಕೆ ಹಲ್ಲು ಬಂತು. ಕರೆಯ ಸಮಯ, ಇಮೇಲ್, ಜಾಹೀರಾತಿನ ಚಿತ್ರ ಎಲ್ಲವನ್ನೂ ಇಟ್ಟುಕೊಳ್ಳಿ.

ಚಿಕಾಗೊದಿಂದ: ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ವಲಸೆಯಲ್ಲಿ ದೇಶವಾರು ಹಳೆಯ ಕೋಟಾ ಪದ್ಧತಿಯನ್ನು ಕೊನೆಗೊಳಿಸಿದ 1965ರ ಕಾಯ್ದೆಯಿಂದಲೇ ನಮ್ಮಂಥವರಿಗೆ ಇಲ್ಲಿಗೆ ದಾರಿಯಾಯಿತು. ಅದಕ್ಕೆ ನೆಲ ಹದಮಾಡಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ. ಆ ಋಣ ನೆನೆದು ಮನೆ ಕೊಳ್ಳಿ. ಒಂದು ಬಡಾವಣೆಯ ಅನೇಕ ನಿವೇಶನಗಳಿಗೆ ಒಂದೇ ಷರತ್ತು ಇರುವುದು ಸಾಮಾನ್ಯ, ಆದ್ದರಿಂದ ನಿಮ್ಮ ಪತ್ರ ಸಲ್ಲಿಸುವಾಗ ಅಕ್ಕಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.