‘ಟ್ವಾಕ್’ ಮಾಡುವವನನ್ನು ಕಾರುಗಳ್ಳ ಅನ್ನಬಹುದಾ?

ಇಂಗ್ಲೆಂಡಿನ ಸುದ್ದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಟ್ವಾಕರ್’ ಎಂಬ ಮಾತು ಸಿಕ್ಕಿದೆ. ‘ಕಾರುಗಳ್ಳ’ ಎಂದು ಬರೆದು ಮುಂದೆ ಹೋಗಬಹುದು, ಆದರೆ ಅದು ಸರಿಹೋಗಲ್ಲ.

‘ಟೇಕಿಂಗ್ ವಿತೌಟ್ ಓನರ್ಸ್ ಕನ್ಸೆಂಟ್’, ಅಂದರೆ ಮಾಲೀಕನ ಒಪ್ಪಿಗೆಯಿಲ್ಲದೆ ಗಾಡಿ ಒಯ್ಯುವುದು, ಎಂಬುದರ ಮೊದಲಕ್ಷರಗಳನ್ನು ಕೂಡಿಸಿದರೆ ‘ಟ್ವಾಕ್’; ಹಾಗೆ ಮಾಡುವವನು ‘ಟ್ವಾಕರ್’. ಪೊಲೀಸರ ಈ ಚುಟುಕು ಬೀದಿಗಿಳಿದು ಕ್ರಿಯಾಪದವೇ ಆಗಿಬಿಟ್ಟಿದೆ. ಉತ್ತರ ಇಂಗ್ಲೆಂಡಿನ ಕಡೆ ಬಳಕೆ ಜಾಸ್ತಿ.

ಅಲ್ಲಿ ಇದಕ್ಕೆ ಬೇರೆ ಹೆಸರು ಬೇಕಾದದ್ದು ಕಾನೂನಿನಿಂದ. ಅಲ್ಲಿನ 1968ರ ಕಳ್ಳತನ ಕಾಯ್ದೆ ಪ್ರಕಾರ, ವಸ್ತು ಮಾಲೀಕನ ಕೈಗೆ ಮತ್ತೆಂದೂ ಸೇರಬಾರದು ಎಂಬ ಉದ್ದೇಶ ಇದ್ದರೆ ಮಾತ್ರ ಕಳ್ಳತನ. ರಾತ್ರಿಯೆಲ್ಲ ಜುಮ್ಮಂತ ಓಡಿಸಿ, ಎಲ್ಲೋ ರಸ್ತೆಬದಿ ಬಿಟ್ಟುಹೋದ ಹುಡುಗನ ಮೇಲೆ ಆ ಆರೋಪ ನಿಲ್ಲಿಸೋದು ಕಷ್ಟ. ಅದಕ್ಕೇ 12ನೇ ಸೆಕ್ಷನ್ನಿನಲ್ಲಿ ಇದು ಪ್ರತ್ಯೇಕ ಅಪರಾಧ. 1991ರಲ್ಲಿ ಆಕ್ಸ್‌ಫರ್ಡಿನ ಬ್ಲ್ಯಾಕ್‌ಬರ್ಡ್ ಲೀಸ್ ಬಡಾವಣೆಯಲ್ಲಿ ಇಂಥ ಕಾರುಗಳ ಕಸರತ್ತು ಗಲಭೆಯವರೆಗೂ ಹೋಯಿತು. ಅಲ್ಲಿನವರು ಅದನ್ನು ‘ಹಾಟಿಂಗ್’ ಅನ್ನುತ್ತಿದ್ದರು. ಮರುವರ್ಷವೇ ಕಾನೂನು ಬಿಗಿಯಾಯಿತು.

ನಮ್ಮ ಕಾನೂನು ಬೇರೆ. 1952ರಲ್ಲಿ ಜೋಧಪುರದಿಂದ ಇಬ್ಬರು ವಾಯುಪಡೆಯ ತರಬೇತಿ ವಿಮಾನವನ್ನೇ ಅಪ್ಪಣೆಯಿಲ್ಲದೆ ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿದಿದ್ದರು. (ಕಾರೆಲ್ಲ ಏನು ಮಹಾ!) ಆ ಮೊಕದ್ದಮೆಯಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್, ಸ್ವಲ್ಪ ಹೊತ್ತಿಗೆ ಒಯ್ದರೂ ಕಳ್ಳತನವೇ ಎಂದಿತು. ಮಾಲೀಕನನ್ನು ಕೇಳದೆ ಗಾಡಿ ಒಯ್ಯುವುದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ 197ನೇ ಸೆಕ್ಷನ್ ಇದೆ, ನಿಜ. ಆದರೆ ಅದರಿಂದ ಬೀದಿಮಾತೇನೂ ಹುಟ್ಟಿದಂತಿಲ್ಲ.

‘ಎಗರಿಸು’, ‘ಲಪಟಾಯಿಸು’ ಎರಡರಲ್ಲೂ ಹೋದ ಗಾಡಿ ಹೋದ ಹಾಗೇ. ‘ಮೋಜಿನ ಸವಾರಿ’ಯಲ್ಲಿ ತಪ್ಪೇ ಕಾಣಲ್ಲ, ಕಬ್ಬನ್ ಪಾರ್ಕಿಗೆ ಹೊರಟಂತಿದೆ. ‘ಹೇಳದೆ ಕೇಳದೆ ಗಾಡಿ ಎತ್ತಿಕೊಂಡು ಹೋಗೋದು’ ಅರ್ಥಕ್ಕೆ ಹತ್ತಿರ. ಸದ್ಯಕ್ಕೆ ನನ್ನ ಒಲವು ಅದರ ಕಡೆಗೇ. ಆದರೆ ತಲೆಬರಹಕ್ಕೆ ತೀರಾ ಉದ್ದ ಆಯ್ತು, ಅಲ್ವಾ? ಜೊತೆಗೆ, ಮಾಡುವವನಿಗೆ ಹೆಸರು ಹುಟ್ಟಿಸಲು ಬರಲ್ಲ.

ಮಂಗಳೂರು, ಧಾರವಾಡ, ಕಲಬುರಗಿ ಕಡೆ ಹುಡುಗರ ಬಾಯಲ್ಲಿ ಇದಕ್ಕೆ ಚಿಕ್ಕ ಮಾತೇನಾದರೂ ಇದೆಯಾ? ಬೈಕಿಗೆ ಹೇಳುವ ಮಾತಾದರೂ ನಡೆಯುತ್ತೆ. ಸಿಗದಿದ್ದರೆ ‘ಟ್ವಾಕರ್’ ಎಂದೇ ಉಳಿಸಿಕೊಂಡು, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡುತ್ತೇನೆ.