ಎಫ್-1 (ಅಮೆರಿಕದ ವಿದ್ಯಾರ್ಥಿ ವೀಸಾ) ನವರು ಯಾರಾದರೂ ಹೇಳಿ, ಕೋರ್ಸ್ ಬಿಡೋಕೆ ಬೇಕಾದ ಡಾಕ್ಟರ್ ಪತ್ರ ಯಾರ ಹತ್ತಿರ ಬರೆಸಲಿ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದೇನೆ, ಎರಡನೇ ಸೆಮಿಸ್ಟರ್. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಬೆಳಿಗ್ಗೆ ಏಳೋದೇ ಬೇಡ ಅನಿಸುತ್ತದೆ. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಪ್ಯಾಕೆಟ್ ಇನ್ನೂ ಒಡೆದಿಲ್ಲ. ಮನೆಗೆ ವಿಡಿಯೋ ಕಾಲ್ ಮಾಡುವಾಗ ಮಾತ್ರ ಮುಖ ತೊಳೆದು ನಗುತ್ತೇನೆ.

ಧೈರ್ಯ ಮಾಡಿ ಕ್ಯಾಂಪಸ್ ಕೌನ್ಸೆಲಿಂಗ್‌ಗೆ ಮೂರು ಸಲ ಹೋದೆ. ‘ಬೇಜಾರು’ ಅನ್ನೋದನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳೋದು ಅಂತ ತಡಕಾಡಿದ್ದು ಬೇರೆ ಕಥೆ. ಸ್ವಲ್ಪ ಹಗುರ ಆಯಿತು. ಒಂದು ಕೋರ್ಸ್ ಬಿಡಿ ಎಂದು ಅವರೇ ಹೇಳಿದರು.

ಸಮಸ್ಯೆ ಇಲ್ಲೇ. ಡಿಎಸ್‌ಒ (ಕಾಲೇಜಿನಲ್ಲಿ ನಮ್ಮ ವೀಸಾ ವಿಷಯ ನೋಡಿಕೊಳ್ಳುವವರು) ಮೊದಲೇ ಒಪ್ಪದೆ ಕೋರ್ಸ್ ಬಿಟ್ಟರೆ ಎಫ್-1 ಸ್ಟೇಟಸ್ಸಿಗೇ ಕುತ್ತು. ಅವರು ಲೈಸೆನ್ಸ್ ಇರುವ ಡಾಕ್ಟರ್ ಅಥವಾ ಸೈಕಾಲಜಿಸ್ಟ್ ಪತ್ರವೇ ಬೇಕು ಎನ್ನುತ್ತಾರೆ. ನನ್ನ ಕೌನ್ಸೆಲರ್ ಸೋಷಿಯಲ್ ವರ್ಕರ್, ಅವರ ಪತ್ರ ನಡೆಯಲ್ಲವಂತೆ. ಹೊರಗಿನ ಸೈಕಿಯಾಟ್ರಿಸ್ಟ್ ಸಿಗೋದು ಆರು ವಾರದ ಮೇಲೆ. ಅಷ್ಟರಲ್ಲಿ ಸೆಮಿಸ್ಟರೇ ಮುಗಿಯುತ್ತೆ ಅಲ್ವಾ!

ಕ್ಯಾಂಪಸ್ ಹೆಲ್ತ್ ಸೆಂಟರಿನ ಮಾಮೂಲಿ ಡಾಕ್ಟರ್ ಹತ್ತಿರ ಈ ಪತ್ರ ಬರೆಸಿಕೊಂಡವರು ಇದ್ದೀರಾ? ನಿಮ್ಮ ಡಿಎಸ್‌ಒ ಅದನ್ನು ಒಪ್ಪಿದರಾ, ಎಷ್ಟು ದಿನ ಹಿಡಿಯಿತು?